ಕೌದಿಯ ಹಸಿವು

ಸೋಮವಾರ, 6 ಜನವರಿ

ಇವತ್ತೂ ನಿಪ್ಪಾಣಿ. ಸೋಮವಾರ ಎತ್ತು ಹೂಡುವಂತಿಲ್ಲ, ಗಂಡಸರು ಮನೆಯಲ್ಲೇ. ಕುರಿ ಕಾಯುವುದು ಅವರ ಪಾಲಿಗೆ, ಬಸ್ಸು ನನ್ನ ಪಾಲಿಗೆ. ಹೆಂಗಸರಿಗೆ ಟಿಕೆಟ್ ಹೇಗೂ ಫ್ರೀ. ಪುಣೆಯಿಂದ ಕೌದಿಗೆ ಆರ್ಡರ್ ಬರುತ್ತವೆ, ಮನೆಯಲ್ಲೇ ಕೂತರೆ ಬಣ್ಣ ಹೊಳೆಯುವುದಿಲ್ಲ... ಅದಕ್ಕೇ ಈ ಒಬ್ಬಳೇ ತಿರುಗುವ ಚಟ.

ತಂಬಾಕಿನ ಅಂಗಡಿಗಳ ಎದುರು ಕುಳಿತೆ. ಒಣಗಿದ ಎಲೆಯಲ್ಲಿ ಎಷ್ಟು ತರದ ಕಂದು! ಸೀನಿ ಸೀನಿ ಸಾಕಾಯಿತು.

ಸಂಜೆ ಹೊಲಿಯುತ್ತ ಭಾಗ್ಯಾಗೆ ಎಲ್ಲ ಹೇಳಿದೆ. ಮೈದುನ ಮಾಳೇಶ ಜನ್ಮದಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸ ಇವಳನ್ನು ಕಟ್ಟಿಕೊಂಡದ್ದು. ಸೂಜಿ ನಿಲ್ಲಿಸದೆ ಕೇಳುತ್ತಾಳೆ — "ಮುಂದ? ಮುಂದೇನ್ ನೋಡಿದ್ರಿ ಅಕ್ಕಾ?" ಹೇಳಿ ಮುಗಿಸುವಷ್ಟರಲ್ಲಿ ಯಾವ ತುಂಡಿನ ಪಕ್ಕ ಯಾವುದು ಎಂದು ಗೊತ್ತಾಗಿತ್ತು.

ಸೋಮವಾರ, 20 ಜನವರಿ

"ನನ್ನೂ ಒಮ್ಮೆ ಕರ್ಕೊಂಡ್ ಹೋಗ್ರಿ" ಎಂದಳು ಭಾಗ್ಯಾ.

"ಜೋಡಿ ಇದ್ರ ಬಾಯಿ ನಡೀತೈತಿ ಬೇ, ಕಣ್ಣು ನಿಲ್ತಾವ."

ನಕ್ಕಳು.

ಸೋಮವಾರ, 27 ಜನವರಿ

ಸಿಟ್ಟು ಬಂದಿದೆ. ಕಬ್ಬೂರ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ, ಭಾಗ್ಯಾ ಹಾಜರ್! ಮದುವೆಯ ಇಳಕಲ್ ಸೀರೆ, ಕೈಯಲ್ಲಿ ರೊಟ್ಟಿ ಗಂಟು.

"ಇವತ್ತೊಂದ್ ದಿನ, ಅಕ್ಕಾ. ಹಾದ್ಯಾಗ ಮಾತಾಡೂದೈತ್ರಿ."

"ಮಾತು ಸಂಜಿಕ ಆಡೂಣು. ಆರ್ಡರ್ ಹಂಗ ಬಿದ್ದೈತಿ, ಮನಿಗೆ ನಡಿ."

ಗಂಟು ನನ್ನ ಕೈಗಿಟ್ಟು ತಿರುಗಿದಳು. ರಾಯಬಾಗ ದಾಟಿ ಶೇಡಬಾಳದ ತನಕ ಹೋದೆ. ದ್ರಾಕ್ಷಿ ತೋಟ ಚೆನ್ನಾಗಿತ್ತು. ಗಂಟು ಬಿಚ್ಚಿದರೆ ಇಬ್ಬರಿಗಾಗುವಷ್ಟು ರೊಟ್ಟಿ.

ಸಂಜೆ ತಲೆನೋವೆಂದು ಮಲಗಿದ್ದಳು. "ಮುಂದ?" ಎನ್ನಲಿಲ್ಲ. ನಾನೂ ಏನು ಮಾತು ಎಂದು ಕೇಳಲಿಲ್ಲ.

ಭಾನುವಾರ, 9 ಫೆಬ್ರವರಿ

ಹೋದರು. ಟೆಂಪೋ ತುಂಬ ಸಾಮಾನು. ಇಚಲಕರಂಜಿ, ಮಗ್ಗದ ಕೆಲಸ, ಗಂಡಹೆಂಡತಿ ಇಬ್ಬರಿಗೂ. ಮಾಳೇಶ ಸಂಕ್ರಾಂತಿಗೇ ಒಪ್ಪಿಕೊಂಡು ಬಂದಿದ್ದನಂತೆ. ಮನೆಯಲ್ಲಿ ಹೇಳಿದ್ದು ಮೊನ್ನೆ.

"ನನಗರೆ ಹೇಳಬಾರದಿತ್ತಾ?" ಎಂದು ಅತ್ತೆಯ ಮುಂದೆ ಗೊಣಗಿದೆ.

ಅತ್ತೆ ಮುಖ ನೋಡಿದಳು. "ಅವನ ಮುಂದ ಮನ್ಯಾಗ ಹ್ಯಾಂಗ್ ಹೇಳ್ತಾಳ? ಬಸ್ಸಿನ್ಯಾಗ ಅಕ್ಕಗ ಹೇಳ್ತೀನಿ ಅಂತ ಸೀರಿ ಉಟ್ಕೊಂಡು ಬಂದಿದ್ಳು. ಅಕಿಗಿ ಹೋಗೂ ಮನಸ ಇರಲಿಲ್ಲ. ನಿನ್ನ ಮಾತು ಮಾಳ್ಯಾ ತಗದ ಹಾಕ್ತಿರಲಿಲ್ಲ."

ಹೌದು. ನನ್ನ ಮಾತು ಕೇಳುತ್ತಿದ್ದ.

ಸೋಮವಾರ, 24 ಫೆಬ್ರವರಿ

ನಿಪ್ಪಾಣಿಗೆ ಹೋದೆ. ಯಾರೂ ತಡೆಯುವವರಿಲ್ಲ, ಬೆನ್ನು ಹತ್ತುವವರಿಲ್ಲ. ಬಸ್ಸಿನಲ್ಲಿ ಲೇಡೀಸ್ ಸೀಟಿನಲ್ಲಿ ಒಬ್ಬ ಮುದುಕ, ತೊಡೆಯ ಮೇಲೆ ಆಡಿನ ಮರಿ. ಏಳಲು ಹೇಳಿದರೆ ಮರಿಯನ್ನು ತೋರಿಸಿ — "ಹೀ ಬಾಯೀಚ ಆಹೇ, ತಾಯಿ! ಇದು ಹೆಣ್ಣ ಐತಿ!" ಇಡೀ ಬಸ್ಸು ನಕ್ಕಿತು. ನಾನೂ ನಕ್ಕು ಪಕ್ಕಕ್ಕೆ ತಿರುಗಿದೆ. ಯಾರೋ ಗೊತ್ತಿಲ್ಲದ ಹೆಂಗಸು.

ಮನೆಗೆ ಬಂದು ಬಟ್ಟೆ ತುಂಡು ಹರಡಿದೆ. ಯಾವುದೂ ಯಾವುದಕ್ಕೂ ಕೂಡಲಿಲ್ಲ. ನೋಡುತ್ತಿದ್ದವಳು ನಾನೇ, ಸುಳ್ಳಲ್ಲ. ಆದರೆ ಬಣ್ಣ ಹುಟ್ಟುತ್ತಿದ್ದದ್ದು ಅವಳಿಗೆ ಹೇಳುವಾಗ. ಎಷ್ಟು ಸೊಕ್ಕು ನನಗೆ.

ಸೋಮವಾರ, 3 ಮಾರ್ಚ್

ಫೋನ್ ಮಾಡಿದೆ. ಹಿಂದೆ ಮಗ್ಗದ ಸದ್ದು, ಇಬ್ಬರೂ ಕೂಗಬೇಕು.

"ಮುಂದಿನ ಸೋಮವಾರ ಬರ್ತೀನಿ, ನಿನ್ನ ನೋಡಾಕ!"

"ಸೋಮವಾರ ನಮಗ ಸೂಟಿ ಇಲ್ರಿ ಅಕ್ಕಾ. ನೀವು ತಿರಗ್ಯಾಡಿ ಬರ್ರಿ. ಒಬ್ರ ಇದ್ರನ ನಿಮಗ ಚಲೋ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಸೋಮವಾರ, 10 ಮಾರ್ಚ್

ಎಲ್ಲೂ ಹೋಗಲಿಲ್ಲ. ಭಾಗ್ಯಾ ಹೊಲಿದಿಟ್ಟ ಕೊನೆಯ ಕೌದಿ ತೆಗೆದೆ. ಎಲ್ಲ ಮುಗಿದಿದೆ, ಒಂದು ಮೂಲೆ ಮಾತ್ರ ಬಾಯಿ ತೆರೆದಿದೆ. ರೊಟ್ಟಿ ಚೂರು ಇಟ್ಟೇ ಮುಚ್ಚಬೇಕು, ಕೌದಿ ಹಸಿದಿರಬಾರದು. ಯಾವಾಗಲೂ ಅವಳು ಇಡುತ್ತಿದ್ದಳು, ನಾನು ಹೊಲಿಯುತ್ತಿದ್ದೆ.

"ಇಡ ಬೇ, ಹಸದೈತದು" ಎಂದಳು ಅತ್ತೆ.

ರೊಟ್ಟಿ ಮುರಿದೆ. ಸೂಜಿಯಲ್ಲಿ ದಾರವೂ ಇದೆ. ಬಾಯಿಗೆ ಬಂದದ್ದು ಬೇರೆ — ಭಾಗ್ಯಾ, ಕೇಳಿಲ್ಲಿ, ಆವತ್ತು ಬಸ್ಸಿನ್ಯಾಗ ಒಬ್ಬ ಮುದುಕ, ತೊಡಿ ಮ್ಯಾಲೆ ಆಡಿನ ಮರಿ...