ಮರಿಸ್ವಾಮಿಯ ತಲೆ ಮೇಲಿನ ಆಣೆ

ಕೃಷ್ಣಮೂರ್ತಿಪುರಂ, ಮೈಸೂರು
ಬುಧವಾರ, 17-6-1959

ಅಕ್ಕ ಪುಟ್ಟತಾಯಮ್ಮನಿಗೆ ತಮ್ಮ ಮಹದೇವುವಿನ ನಮಸ್ಕಾರ.

ಈ ಕಾಗದವನ್ನು ನೀನೊಬ್ಬಳೇ ಓದು, ಅತ್ತೆಯವರ ಮುಂದೆ ಬಿಚ್ಚಬೇಡ. ಭಾವ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಮಲಗಿದ್ದಾರೆ. ಹೆದರಬೇಡ, ಜೀವ ಇದೆ. ಅದು ಉಳಿಯಬೇಕಾದರೆ ಮಾತ್ರ ನಿನ್ನಿಂದ ಒಂದು ಕೆಲಸ ಆಗಬೇಕು.

ಹೋದ ಗುರುವಾರ ಊರಿನಲ್ಲಿ ನೀನು ಭಾವನ ಕೈಯನ್ನು ಮಗು ಮರಿಸ್ವಾಮಿಯ ತಲೆ ಮೇಲೆ ಇರಿಸಿ, ಇನ್ನು ಸಾರಾಯಿ ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದೆಯಂತೆ. ಭಾವ ತಪ್ಪಲಿಲ್ಲ ಅಕ್ಕ. ಇಲ್ಲಿ ಸೌದೆ ಡಿಪೋಗೆ ವಾಪಸು ಬಂದ ಮೇಲೆ ಒಂದು ತೊಟ್ಟೂ ಕುಡಿಯಲಿಲ್ಲ. ಆಪತ್ತು ಬಂದದ್ದು ಅದರಿಂದಲೇ.

ಭಾನುವಾರ ಮಧ್ಯಾಹ್ನ ಡಿಪೋದವರು ಅವರನ್ನು ಜಟಕಾದಲ್ಲಿ ತಂದು ನಮ್ಮ ವಾರ್ಡಿಗೆ ಸೇರಿಸಿದರು. ಕೈಕಾಲು ನಡುಕ, ಮೈಯೆಲ್ಲ ಬೆವರು. ಇರುವೆ ಹರಿಯುತ್ತಿದೆ ಎಂದು ಬರಿಯ ಗೋಡೆಯನ್ನು ಉಜ್ಜುತ್ತಿದ್ದರು. ವಾರ್ಡಿನ ಹಳಬ ಹುಚ್ಚಯ್ಯ ನೋಡಿದವನೇ, "ಇವನಿಗೆ ಇನ್ನೂ ಅಮಲು ಇಳಿದಿಲ್ಲ ಕಣ್ಲಾ. ಹಗ್ಗ ತಾ, ಹುಣಸೆನೀರು ಹುಯ್ಯಾನ" ಅಂದ.

ಕುಡಿತದ ರೋಗಿಗಳನ್ನು ನೋಡಿಕೊಳ್ಳುವುದು ಹೇಗೆಂದು ಡಾಕ್ಟರ್ ಗಿರಿಜಾಂಬಾ ಈಚೆಗೆ ವಾರ್ಡಿನ ಆಳುಗಳಿಗೆಲ್ಲ ಪಾಠ ಹೇಳುತ್ತಿದ್ದಾರೆ. ಹುಚ್ಚಯ್ಯ ಅದನ್ನು ಕುಡುಕರ ಸ್ಕೂಲು ಅನ್ನುತ್ತಾನೆ, ಹೋಗುವುದಿಲ್ಲ. ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ, ಬಾಯಿ ತೆಗೆಯುವುದಿಲ್ಲ. ದಿನಾ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೂ ಹೀಗೇ ನಡುಗುತ್ತಾನೆ, ಇಲ್ಲದ್ದು ಕಣ್ಣಿಗೆ ಕಾಣುತ್ತದೆ, ಫಿಟ್ಸ್ ಬಂದು ಪ್ರಾಣವೂ ಹೋಗಬಹುದು ಎಂದು ಅಲ್ಲಿ ಕೇಳಿದ್ದೆ. ಅಂಥವನನ್ನು ಕಟ್ಟಬೇಡಿ, ಕುಡಿದು ಯಾವಾಗಾಯಿತು ಎಂದು ಮೊದಲು ಕೇಳಿ ಅನ್ನುತ್ತಾರೆ ಡಾಕ್ಟರಮ್ಮ. ಎಲ್ಲರೆದುರು ಸ್ವಂತ ಭಾವನನ್ನು ಅದನ್ನು ಹೇಗೆ ಕೇಳಲಿ? ಇವರು ನಮ್ಮವರೆಂದು ಕೂಡ ನಾನು ಹೇಳಿರಲಿಲ್ಲ. ಹುಚ್ಚಯ್ಯ ಮಣಿಕಟ್ಟಿಗೆ ಹಗ್ಗ ಸುತ್ತಿದಾಗ ಕೇಳಿಬಿಟ್ಟೆ.

"ಗುರುವಾರದಿಂದ ಮುಟ್ಟಿಲ್ಲ ಕಣೋ ಮಾದೇವು. ಮರಿ ಮೇಲೆ ಆಣೆ ಮಡಗಿವ್ನಿ" ಅಂದರು.

ನಾನು ಓಡಿಹೋಗಿ, ಇವರು ನಮ್ಮ ಭಾವ ಎಂದು ಹೇಳಿ ಡಾಕ್ಟರಮ್ಮನನ್ನು ಕರೆತಂದೆ. ಅವರು ಹಗ್ಗ ಬಿಚ್ಚಿಸಿ ಗ್ಲಾಸಿನಲ್ಲಿ ಔಷಧಿ ಕೊಟ್ಟರು. ಅದರ ಘಾಟು ಕಳ್ಳಭಟ್ಟಿಗಿಂತ ಹೆಚ್ಚು. ಮೂಗಿನ ಹತ್ತಿರ ಬಂದದ್ದೇ ಭಾವ ಗ್ಲಾಸನ್ನು ತಳ್ಳಿದರು. "ಸಾರಾಯಿ ಕುಡಿಸ್ತೀರಾ? ನನ್ನ ಮಗೀನ ಸಾಯಿಸ್ಬುಡ್ತೀರಾ?" ಎಂದು ಕೂಗಿಕೊಂಡರು. ಸ್ವಲ್ಪ ಹೊತ್ತಿಗೆ ಕಣ್ಣು ಮೇಲಾಗಿ ಮೈ ಸೆಟೆದುಕೊಂಡು ಫಿಟ್ಸ್ ಬಂತು. ಅದನ್ನು ನಿನಗೆ ಬರೆಯಲಾರೆ.

ಎಚ್ಚರವಾದ ಮೇಲೂ ಹಲ್ಲು ಕಚ್ಚಿಕೊಂಡೇ ಇದ್ದರು. ಆ ಔಷಧಿಯ ಇಂಜೆಕ್ಷನ್ ಆಸ್ಪತ್ರೆಯಲ್ಲಿ ಮುಗಿದುಹೋಗಿತ್ತು. ಬಲವಂತವಾಗಿ ಹುಯ್ದರೆ ಶ್ವಾಸಕ್ಕೆ ಹೋಗುತ್ತದೆ. ಇನ್ನೊಂದು ಸಲ ಫಿಟ್ಸ್ ಬಂದರೆ ನನ್ನ ಕೈಲಿಲ್ಲ ಎಂದ ಡಾಕ್ಟರಮ್ಮ, "ನಿಮ್ಮ ಭಾವ ಅಲ್ವೇನಪ್ಪ, ನೀನೇ ಹೇಳಿ ನೋಡು" ಎಂದು ಗ್ಲಾಸನ್ನು ನನ್ನ ಕೈಗೆ ಕೊಟ್ಟರು.

ಇದು ಔಷಧಿ ಎಂದೆ. ನಂಬಲಿಲ್ಲ. ಕೈಮುಗಿದೆ. ಮುಖ ತಿರುಗಿಸಿದರು. ಆಗ, "ಭಾವ, ಅಕ್ಕ ಆಣೆ ಹಿಂದಕ್ಕೆ ತಗೊಂಡವ್ಳೆ, ಹೇಳಿಕಳಿಸವ್ಳೆ" ಅಂದುಬಿಟ್ಟೆ.

"ಬಾಯ್ಬಿಟ್ಟು ಅಂದ್ಳಾ?"

"ಅಂದ್ಳು."

ಕುಡಿದರು, ಅಕ್ಕ. ಕುಡಿದು ಮಲಗಿದರು.

ಇಂಥ ರೋಗಿಗಳಿಗೆ ಸುಳ್ಳು ಹೇಳಬೇಡಿ, ಒಮ್ಮೆ ಗೊತ್ತಾದರೆ ಆಮೇಲೆ ನಮ್ಮ ಯಾವ ಮಾತನ್ನೂ ನಂಬುವುದಿಲ್ಲ ಎಂದು ಪಾಠದಲ್ಲಿ ಹೇಳಿದ್ದರು. ಇನ್ನೂ ಕೆಲವು ದಿನ ಔಷಧಿ ಕೊಡಬೇಕು. ಪ್ರತಿ ಸಲವೂ ಭಾವ, "ಪುಟ್ಟತಾಯಿ ಕಾಗದ ಬಂತಾ?" ಎಂದು ಕೇಳುತ್ತಾರೆ. ಈ ಬೆಳಿಗ್ಗೆ ಗ್ಲಾಸನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು.

ಆದ್ದರಿಂದ ನನ್ನ ಸುಳ್ಳನ್ನು ನಿಜ ಮಾಡಿಕೊಡು. ಮಗುವಿನ ತಲೆ ಮುಟ್ಟಿ, ಆಣೆ ಬಿಟ್ಟೆ ಎಂದು ಬಾಯಿಬಿಟ್ಟು ಹೇಳು. ಹಾಗೆಯೇ ನಿನ್ನ ಕೈಯಲ್ಲೇ ಬರೆದು ಭಾವನಿಗೆ ಕಳಿಸು. ಕುಡಿತ ಬಿಡಿಸುವುದನ್ನು ಡಾಕ್ಟರಮ್ಮ ನೋಡಿಕೊಳ್ಳುತ್ತಾರೆ. ನಿನ್ನದು ತಪ್ಪು ಅನ್ನುತ್ತಿಲ್ಲ. ಪಾಪ, ಹೆಂಡತಿ ಇನ್ನೇನು ಮಾಡಬೇಕಿತ್ತು ಎಂದು ಅವರೂ ಅಂದರು.

ಉತ್ತರಕ್ಕೆ ಕಾದಿರುವ ನಿನ್ನ ತಮ್ಮ,
ಮಹದೇವು

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಮರಿಸ್ವಾಮಿಗೆ ಜ್ವರ ಎಂದು ನೀನು ಹಾಕಿದ ಕಾರ್ಡು ಈ ದಿನ ಸಿಕ್ಕಿತು. ಭಾವನಿಗೆ ತೋರಿಸಿಲ್ಲ. ನೀನು ಅದನ್ನು ಬರೆದದ್ದು ಶನಿವಾರ. ಭಾವ ಔಷಧಿ ಕುಡಿದದ್ದು ಭಾನುವಾರ. ಅದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಅಂಚೆಯ ಮುದ್ರೆಯನ್ನೂ ದೀಪದ ಹತ್ತಿರ ಹಿಡಿದು ನೋಡಿದೆ, ಶನಿವಾರದ್ದೇ. ಜ್ವರ ಬಿಟ್ಟಿದೆಯೇ, ಅದನ್ನು ಮೊದಲು ಬರೆ.