ಸಾವ್ಕಾರನ ಉಸಿರು

ರಾಯಚೂರು
18 ನವೆಂಬರ್ 2025, ಮಂಗಳವಾರ

ಪ್ರೀತಿಯ ರಜಿಯಾ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ದೇವರ ಜಗುಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕ ಇಟ್ಟಿದ್ದೇನೆ. ದಿನಾ ಕಾಣುತ್ತದೆ, ದಿನಾ ನಾಳೆ ಬರೆದರಾಯಿತು ಅನ್ನಿಸುತ್ತದೆ. ಸಿಟ್ಟಾಗಬೇಡ. ದೇವದುರ್ಗದ ಹೈಸ್ಕೂಲಿಗೆ ಬೇಸಿಗೆ ರಜೆ ಬಿಟ್ಟರೆ ವಾರಕ್ಕೊಂದು ಕಾಗದ ಬರೆದು ನಿನ್ನ ಜೀವ ತಿನ್ನುತ್ತಿದ್ದವಳು ನಾನೇ ಅಲ್ಲವೇ? ಫೋನಿದೆ, ಗೊತ್ತು. ಆದರೆ ಫೋನು ಮಾಡಿದರೆ ನೀನು ಅಳುತ್ತೀ. ನೀನು ಅತ್ತಾಗ ನಾನು ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ. ನನಗೆ ಅಳು ಬರುತ್ತಿಲ್ಲ. ಅದಕ್ಕೇ ಈ ಕಾಗದ.

ನೀನು, ಅಲ್ಲಾಉದ್ದೀನ್ ಭಾವ, ಮಗಳು ಗುಲ್ನಾಜ್ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಜುಲೈಯಲ್ಲಿ ನಮ್ಮ ಮನೆಯವರ ಮಣ್ಣಿಗೆಂದು ಬಂದವಳು ಮೂರು ದಿನ ನನ್ನ ಜೊತೆ ಉಳಿದೆ. ನಾನು ನಿನಗೆ ಒಂದು ಲೋಟ ಚಹಾ ಸಹ ಮಾಡಿಕೊಡಲಿಲ್ಲ, ನೀನೇ ಮಾಡಿ ನನಗೆ ಕುಡಿಸಿದೆ. ಆ ಮೂರು ದಿನದಲ್ಲಿ ನನಗೆ ನೆನಪಿರುವುದು ಅಷ್ಟೇ.

ಇಲ್ಲಿ ಭತ್ತದ ಸೀಸನ್ ಶುರುವಾಗಿದೆ. ಮಟಮಾರಿ, ಯಾಪಲದಿನ್ನಿ ಕಡೆಯ ಲಾರಿಗಳು ಬೆಳಿಗ್ಗೆಯಿಂದ ಗೇಟಿನ ಮುಂದೆ ಸಾಲುಗಟ್ಟುತ್ತವೆ. ರೈಸ್ ಮಿಲ್ಲನ್ನು ಈಗ ಭಾವ ಸಿದ್ದರಾಮಪ್ಪನವರು ಒಬ್ಬರೇ ನೋಡಿಕೊಳ್ಳುತ್ತಾರೆ. ನಮ್ಮ ಮನೆ ಮಿಲ್ಲಿನ ಕಂಪೌಂಡಿನಲ್ಲೇ ಇರುವುದು ನಿನಗೆ ಗೊತ್ತಲ್ಲ, ಮಷೀನು ಚಾಲೂ ಆದರೆ ಅಡುಗೆಮನೆಯ ಡಬ್ಬಿಗಳು ನಡುಗುತ್ತವೆ. ಏಳುತ್ತೇನೆ, ಸ್ನಾನ ಮಾಡುತ್ತೇನೆ, ರೊಟ್ಟಿ ಬಡಿಯುತ್ತೇನೆ. ಊಟ ಆಯಿತೋ ಇಲ್ಲವೋ ಅನ್ನುವುದನ್ನು ತೊಳೆದಿಟ್ಟ ತಟ್ಟೆ ನೋಡಿ ತಿಳಿದುಕೊಳ್ಳುತ್ತೇನೆ.

ಬರೆಯಬೇಕಾದದ್ದು ಸಾವ್ಕಾರನ ವಿಷಯ. ನೀನು ಅವನನ್ನು ಪಂಜರದಲ್ಲಿ ನೋಡಿ, ಅಂಥ ಹೊತ್ತಿನಲ್ಲೂ, "ಏನ್ ಬೇ ಇದು, ಇಲಿ ಹೊಡಿಯೋ ಮಿಲ್ಲಿನವ್ರು ಇಲಿ ಸಾಕೀರೇನ್?" ಅಂದಿದ್ದೆ. ಅವನ ಕಥೆ ನಿನಗೆ ಹೇಳಿರಲಿಲ್ಲ. ಹೋದ ವರ್ಷ ಗಣಪತಿ ಹಬ್ಬದ ಮರುದಿನ ಗೋದಾಮಿನ ಬೋನಿನಲ್ಲಿ ಬಿದ್ದಿದ್ದ. ಹಾಲಿನಂಥ ಬಿಳಿ, ಕೆಂಪು ಕಣ್ಣು, ಹೆಬ್ಬೆರಳಿನಷ್ಟು ಮೈ. ಯಾರ ಮನೆಯಲ್ಲಿ ಸಾಕಿದ್ದೋ, ತಪ್ಪಿಸಿಕೊಂಡು ಬಂದಿರಬೇಕು. ಅತ್ತೆ ಬಸವಂತಮ್ಮನವರು "ಗಣಪ್ಪ ಈಗ ಇಳಿದು ಹೋಗ್ಯಾನ, ಅವನ ಕುದುರಿ ಕೊಲ್ಲಬ್ಯಾಡ್ರಿ" ಅಂದರು. ಇವರು ಅದನ್ನು ಅಂಗೈ ಮೇಲೆ ಕೂಡಿಸಿಕೊಂಡು ಮನೆಗೆ ತಂದರು. "ದುಡಿಯಂಗಿಲ್ಲ, ಕದಿಯಾಕ ಬರಂಗಿಲ್ಲ, ಕುಂತಲ್ಲೇ ತಿಂತದ. ಇದು ಇಲಿ ಅಲ್ಲ, ಸಾವ್ಕಾರ" ಅಂದರು. ಅದೇ ಹೆಸರಾಯಿತು. ರಾತ್ರಿ ಊಟಕ್ಕೆ ಕೂತರೆ ಮೊದಲ ತುತ್ತು ಅವನಿಗೆ, ಆಮೇಲೆ ತಮಗೆ.

ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟ ದಿನ, ಆಟೋ ಹತ್ತುವಾಗಲೂ ಉಸಿರು ಹಿಡಿದು ಹಿಡಿದು ಹೇಳಿದ್ದು ಒಂದೇ ಮಾತು: "ನಾ ಬರೋತನಕ ಸಾವ್ಕಾರನ್ನ ನೋಡ್ಕೋ." ಬರಲಿಲ್ಲ. ನೋಡಿಕೊಳ್ಳುವುದು ಮಾತ್ರ ಉಳಿದಿದೆ.

ಹದಿನೈದು ದಿನದಿಂದ ಅವನಿಗೆ ಸೀನು. ಮೊದಲು ನಗು ಬಂತು, ಇಷ್ಟು ಸಣ್ಣ ಮೂಗಿನಿಂದ ಇಷ್ಟು ಸೀನೇ ಅಂತ. ಆಮೇಲೆ ಪಕ್ಕೆ ಒಳಗೆ ಎಳೆದುಕೊಳ್ಳತೊಡಗಿತು, ಕೂದಲು ಸೆಟೆದುಕೊಂಡಿತು, ಜೋಳದ ಕಾಳು ಕೊಟ್ಟರೆ ಹಿಡಿದುಕೊಂಡು ಸುಮ್ಮನೆ ಕೂರುತ್ತಾನೆ. ಕಿವಿಯ ಹತ್ತಿರ ಹಿಡಿದರೆ ಒಂದೊಂದು ಉಸಿರಿಗೂ ಟಿಕ್ ಟಿಕ್ ಅನ್ನುತ್ತದೆ. ಚಳಿ ಇರಬೇಕು ಅಂದುಕೊಂಡು ಮಿಲ್ಲಿನಿಂದ ಬಿಸಿ ಬಿಸಿ ಹೊಟ್ಟು ತಂದು ಪಂಜರದಲ್ಲಿ ಎರಡು ಬೊಗಸೆ ಹೆಚ್ಚಿಗೆ ಹಾಸಿದೆ. ಅತ್ತೆ ದೃಷ್ಟಿಯಾಗಿದೆ ಅಂದರು, ಸಂಜೆ ಲೋಬಾನದ ಹೊಗೆ ಹಾಕಿದೆ. ಉಪಚಾರ ಮಾಡಿದಷ್ಟೂ ಹೆಚ್ಚಾಯಿತು.

ಇಲ್ಲಿಯ ದನದ ಆಸ್ಪತ್ರೆಗೆ ಹೋದೆ. ಕಂಪೌಂಡರ್ ಜಿಲಾನಿ ಪಾಷಾ ನನ್ನ ಮುಖ ನೋಡಿ, ಡಬ್ಬಿ ನೋಡಿ, "ಅಕ್ಕಾರ, ಇಲಿಗಿ ಪಾಷಾಣ ಕೇಳಾಕ ಮಂದಿ ಬರ್ತಾರ. ಔಷಧ ಕೇಳಾಕ ಬಂದವ್ರು ನೀವ ಮೊದಲ್ನೇರು" ಅಂದ. ನಗಲಿಲ್ಲ ಪಾಪ, ಮಾನ್ವಿಯಲ್ಲಿ ಕನಕರಾಯ ಅಂತ ನಿವೃತ್ತ ಡಾಕ್ಟರಿದ್ದಾರೆ, ಗಿಳಿ ಮೊಲ ಎಲ್ಲಾ ನೋಡುತ್ತಾರೆ ಅಂತ ವಿಳಾಸ ಬರೆದುಕೊಟ್ಟ. ಗುರುವಾರ ಹೋಗುತ್ತೇನೆ. ಅಲ್ಲಿಯವರೆಗೆ ಬದುಕಿರಬೇಕು. ಇದೂ ಹೋದರೆ ನಾನು ಕೊಟ್ಟ ಮಾತೂ ಹೋಗುತ್ತದೆ, ನನ್ನ ಹತ್ತಿರ ಅವರದೆಂಬುದು ಬೇರೆ ಏನೂ ಇಲ್ಲ.

ನಿನ್ನ
ಶೈಲಿ

---

ರಾಯಚೂರು
9 ಡಿಸೆಂಬರ್ 2025, ಮಂಗಳವಾರ

ಪ್ರೀತಿಯ ರಜಿಯಾ,

ನನ್ನ ಕಾಗದ ಮುಟ್ಟಿದ ದಿನವೇ ನೀನು ಮೂರು ಸಲ ಫೋನು ಮಾಡಿದ್ದೀ. ಎತ್ತಲಿಲ್ಲ, ತಪ್ಪಾಯಿತು. ಸಾವ್ಕಾರ ಬದುಕಿದ್ದಾನೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕಾಗದದ ತುದಿಗೆ ಹಾರುತ್ತೀ.

ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಅದರಲ್ಲಿ ಅವನನ್ನು ಕೂಡಿಸಿ ಮಾನ್ವಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಮಲ್ಲಟದ ಒಬ್ಬಳು ಹೆಂಗಸು, ದುರುಗಮ್ಮ ಅಂತೆ. "ಡಬ್ಬ್ಯಾಗ ಏನೈತಬೇ?" ಅಂದಳು. ರೊಟ್ಟಿ ಅಂದೆ. ಅಷ್ಟರಲ್ಲಿ ಡಬ್ಬಿ ಸೀನಿತು. ಅವಳು ನನ್ನನ್ನೂ ಡಬ್ಬಿಯನ್ನೂ ನೋಡಿ, "ರೊಟ್ಟಿಗಿ ನೆಗಡಿ ಆಗೇದ ನೋಡು" ಅಂದಳು. ಬಸ್ಸಿನಲ್ಲಿ ಎಲ್ಲರೂ ನಕ್ಕರು. ನನಗೂ ನಗು ಬರಬೇಕಿತ್ತು ಅನ್ನುವುದು ಗೊತ್ತಾಯಿತು, ಬರಲಿಲ್ಲ.

ಕನಕರಾಯ ಡಾಕ್ಟರು ಹೊರಗಿನ ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕೂತಿದ್ದರು. ಎಪ್ಪತ್ತು ದಾಟಿದ ಮನುಷ್ಯ. "ಎಮ್ಮಿ ನೋಡೀನಿ, ಎತ್ತು ನೋಡೀನಿ. ಕೊಡ್ರಿ, ಗಣಪ್ಪನ ಗಾಡೀನೂ ನೋಡೋಣ" ಅಂದರು. ಅವನನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ಪಂಜರದಲ್ಲಿ ಏನು ಹಾಸುತ್ತೀರಿ ಅಂದರು. ಹೊಟ್ಟು ಅಂದೆ. ಮನೆ ಎಲ್ಲಿ ಅಂದರು. ಮಿಲ್ಲಿನ ಕಂಪೌಂಡ್ ಅಂದೆ. ಹೊಗೆ? ಲೋಬಾನ ಅಂದೆ. "ನೀವ ಅದರ ಜೀವ ತಗೊಳ್ಳಾಕತ್ತೀರಲ್ಲವ್ವಾ" ಅಂದರು, ಬೈಗುಳದಂತೆ ಅಲ್ಲ, ಮೆತ್ತಗೆ. "ಔಷಧ ಕೊಡ್ತೀನಿ, ಸಾಸಿವಿ ಕಾಳಿನಷ್ಟು, ಜೇನಿನಾಗ ಕಲಸಿ ನೆಕ್ಕಿಸ್ರಿ. ಆದ್ರ ಔಷಧಕ್ಕಿಂತ ಮುಖ್ಯ ಒಂದದ. ಹೊಟ್ಟಿನ ಧೂಳಿನಿಂದ ದೂರ ಇಡ್ರಿ. ಇಟ್ರ ಉಳಿತದ."

ನಾನು ಎದ್ದು ಬಂದುಬಿಟ್ಟೆ. ಬಸ್ ಸ್ಟ್ಯಾಂಡಿನ ಅರ್ಧ ದಾರಿಯಲ್ಲಿ ಅವರ ಸೊಸೆ ಹಿಂದಿನಿಂದ ಓಡಿ ಬಂದಳು, ಒಂದು ಕೈಯಲ್ಲಿ ಔಷಧದ ಸೀಸೆ, ಇನ್ನೊಂದರಲ್ಲಿ ನನ್ನ ಚಪ್ಪಲಿ. ಬರಿಗಾಲಲ್ಲಿ ನಡೆಯುತ್ತಿದ್ದೆನಂತೆ.

ಅವತ್ತೇ ಸಂಜೆ ಪಂಜರ ಬಿಸಿನೀರಿನಲ್ಲಿ ತೊಳೆದೆ. ಹೊಟ್ಟು ಒಯ್ದು ಗೇಟಿನ ಹೊರಗೆ ಚೆಲ್ಲಿದೆ. ಅವನನ್ನು ಮಿಲ್ಲಿಗೆ ಬೆನ್ನು ಮಾಡಿದ ಹಿಂದಿನ ಕೋಣೆಗೆ ತಂದು ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದೆ. ಆ ಕೋಣೆಯ ಮೂಲೆ ಮೂಲೆ ಗುಡಿಸಿ, ಧೂಳನ್ನು ಮೊರದಲ್ಲಿ ತುಂಬಿ ಹೊಸ್ತಿಲ ಹೊರಗೆ ಹಾಕಿದೆ. ಅಲ್ಲಿ ಅತ್ತೆ ಎದ್ದು ನಿಂತರು.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಿಲ್ಲ. ಮಿಲ್ಲಿನ ಧೂಳು ಅಂದರೆ ಲಕ್ಷ್ಮಿ, ಸೀಸನ್ ಮುಗಿಯುವ ತನಕ ಹೊಸ್ತಿಲು ದಾಟಿ ಹೊರಗೆ ಹೋಗಬಾರದು. ಗುಡಿಸಿದ್ದನ್ನು ಒಳಗಿನ ಮೂಲೆಯಲ್ಲೇ ಕೂಡಿಡಬೇಕು. ಇವರು ಮಿಲ್ಲಿನಿಂದ ಬಂದರೆ ಧೋತ್ರ ಅಂಗಿ ಒಳಗೆ ಬಂದೇ ಕೊಡವಬೇಕು. ನಾನು ಈ ಮನೆಗೆ ಬಂದ ಇಪ್ಪತ್ತಾರು ವರ್ಷ ಹಾಗೇ ನಡೆದಿದೆ. ದಿನಾ ಸಂಜೆ ಮಲಗುವ ಕೋಣೆಯಲ್ಲಿ ನಾನೇ ಅವರ ಅಂಗಿ ಕೊಡವಿದ್ದೇನೆ. ಅವರು ಮಂಚದ ಮೇಲೆ ಕೂತು ಕೆಮ್ಮುತ್ತಿದ್ದರು. ಮಿಲ್ಲಿನವರಿಗೆ ಕೆಮ್ಮು ಇರುವುದೇ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

"ಏನ್ ಚೆಲ್ಲಿದಿ?" ಅಂದರು ಅತ್ತೆ. ಧೂಳು ಅಂದೆ. ಇಲಿಗೆ ಧೂಳು ಆಗುವುದಿಲ್ಲವಂತೆ, ಉಸಿರು ಕಟ್ಟುತ್ತದಂತೆ, ಡಾಕ್ಟರು ಹೇಳಿದರು ಅಂದೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಇವರ ಪೆಟ್ಟಿಗೆ ತಾವೇ ತೆಗೆದು, ತೊಳೆದು ಮಡಿಸಿಟ್ಟ ಹಳೆಯ ಧೋತ್ರ ಒಂದನ್ನು ಹಲ್ಲಿನಿಂದ ಕಚ್ಚಿ ಪಟ್ಟಿ ಪಟ್ಟಿ ಹರಿದರು. ಎಪ್ಪತ್ತೆಂಟು ವರ್ಷಕ್ಕೂ ಹಲ್ಲು ಗಟ್ಟಿ. "ಹೊಟ್ಟಿನ ಬದಲಿ ಇದನ್ನ ಹಾಸು. ನನ್ ಮಗನ ಧೋತ್ರದಾಗ ಮಲಗಲಿ" ಅಂದರು. ಪಟ್ಟಿಗಳನ್ನು ನನ್ನ ಕಡೆ ಸರಿಸಿ ಅಂದರು, "ಧೂಳು ಉಸಿರು ಕಟ್ಟತದ ಅಂತ ಆಗ ಯಾರರೆ ನನಗ ಹೇಳಿದ್ರ, ಲಕ್ಷ್ಮೀನ ಕಸಬರಿಗಿ ತಗೊಂಡು ಹೊರಗ ಹಾಕತಿದ್ದೆ. ನನಗ ಮಗನಿಗಿಂತ ಲಕ್ಷ್ಮಿ ಹೆಚ್ಚೇನು?"

ಪಟ್ಟಿಗಳನ್ನು ಎತ್ತಿಕೊಂಡು ಹೋಗಿ ಪಂಜರದಲ್ಲಿ ಹಾಸಿದೆ.

ಎಂಟನೆಯ ದಿನ ಅವನನ್ನು ಕಿವಿಗೆ ಹಿಡಿದೆ. ಟಿಕ್ ಟಿಕ್ ಇಲ್ಲ. ಧೋತ್ರದ ಪಟ್ಟಿಗಳಲ್ಲಿ ಗೂಡು ಮಾಡಿಕೊಂಡು ಮೂಗು ಮಾತ್ರ ಹೊರಗಿಟ್ಟು ಮಲಗುತ್ತಾನೆ. ಜೋಳ ತಿನ್ನುತ್ತಾನೆ. ಈ ಬೇನೆ ಪೂರ್ತಿ ಹೋಗುವಂಥದ್ದಲ್ಲ, ಇಲಿಯ ಆಯುಷ್ಯವೇ ಎರಡು ವರ್ಷ ಅಂತ ಡಾಕ್ಟರು ಫೋನಿನಲ್ಲಿ ಹೇಳಿದರು. ಇರುವಷ್ಟು ದಿನ ಆರಾಮಾಗಿರುತ್ತಾನೆ. ಸಿದ್ದರಾಮಪ್ಪ ಭಾವ ನೋಡಲು ಬಂದು, ತಮ್ಮನನ್ನು ನೆನೆದು, "ನಮ್ ಪಂಪಾಪತಿ ಜೀವಕ್ಕ ತಂಪಾತು ನೋಡವಾ" ಅಂದು ಕಣ್ಣು ಒರೆಸಿಕೊಂಡರು. ಮನೆಯಲ್ಲಿ ಎಲ್ಲರಿಗೂ ಸಂತೋಷ.

ಗುಲ್ನಾಜಳ ಬಿ.ಎಡ್ ಪರೀಕ್ಷೆ ಹತ್ತಿರ ಬಂತಲ್ಲ. ಅವಳ ತಲೆಯ ಮೇಲೆ ನನ್ನ ಎರಡೂ ಕೈ ಇದೆ ಅನ್ನು. ನಾವಿಬ್ಬರೂ ಕಲಿತ ಶಾಲೆಗೇ ಟೀಚರಾಗಿ ಹೋಗಲಿ, ತುಂಬಿದ ಮನೆ ಸೇರಲಿ. ಭಾವನಿಗೆ ಸಲಾಂ ತಿಳಿಸು. ಮೊಣಕಾಲು ನೋವಿದ್ದರೆ ಅಂಗಡಿ ಮೆಟ್ಟಿಲು ಹತ್ತಬೇಡ, ನಿನ್ನ ಹಟ ನನಗೆ ಗೊತ್ತು. ನಿಮ್ಮ ಅಲ್ಲಾ, ನಮ್ಮ ಬಸವಣ್ಣ, ಇಬ್ಬರೂ ಸೇರಿ ನಿನ್ನನ್ನು ಗಟ್ಟಿಯಾಗಿಡಲಿ.

ನಿನ್ನ
ಶೈಲಿ

ತಾ.ಕ. ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಕನಕರಾಯ ಡಾಕ್ಟರು ಹೇಳಿದ ಮಾತು ನನಗೆ ಹೊಸದಲ್ಲ, ರಜಿಯಾ. ಎರಡು ವರ್ಷದ ಹಿಂದೆ ಇದೇ ಸೀಸನ್ನಿನಲ್ಲಿ ಇವರ ಎದೆಯ ಫೋಟೋ ತೆಗೆಸಿದ್ದೆವು. ಇವರು ಒಳಗೆ ಅಂಗಿ ಹಾಕಿಕೊಳ್ಳುತ್ತಿದ್ದಾಗ ಆಸ್ಪತ್ರೆಯ ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದರು: ಹೊಟ್ಟಿನ ಧೂಳಿನಿಂದ ದೂರ ಇಡಿ, ಮನೆ ಬದಲಿಸಿ, ಇಟ್ಟರೆ ಉಳಿಯುತ್ತಾರೆ. ಇವರು ಹೊರಗೆ ಬಂದು "ಏನಂದ್ರು?" ಅಂದರು. "ಏನಿಲ್ಲ, ಚಳಿಗಾಲ ಕಳದ್ರ ಹೋಗತದಂತ" ಅಂದೆ. ಹೇಳಿದರೆ ಮಿಲ್ಲು ಬಿಡಬೇಕು, ಮನೆ ಬಿಡಬೇಕು, ಅತ್ತೆಯ ಜೊತೆ ಲಕ್ಷ್ಮಿಯ ಜಗಳ ಆಡಬೇಕು. ಸೀಸನ್ ಮುಗಿಯಲಿ, ಹೇಳಿದರಾಯಿತು ಅಂದುಕೊಂಡೆ. ಮುಗಿಯಿತು, ಇನ್ನೊಂದು ಬಂತು. ಆಮೇಲೆ, ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರಲ್ಲ ಎಂಬ ಹೆದರಿಕೆಗೆ ಹೇಳಲಿಲ್ಲ. ಇಲಿಗೆ ಎಂಟು ದಿನ ಸಾಕಾಯಿತು. ಇವರಿಗಾಗಿ ನನ್ನ ಹತ್ತಿರ ಒಂದೂವರೆ ವರ್ಷ ಇತ್ತು. ಹೊರಗೆ ಅತ್ತೆ ಇನ್ನೊಂದು ಧೋತ್ರ ಹರಿಯುತ್ತಿದ್ದಾರೆ, ಸಪ್ಪಳ ಇಲ್ಲಿಗೆ ಕೇಳುತ್ತಿದೆ. ಅವರಿಗೆ ಇನ್ನೂ ಹೇಳಿಲ್ಲ.