ಭಾವನ ಮತ, ನನ್ನ ಮತ

ನವೆಂಬರ್ ೯, ಭಾನುವಾರ

ಭಾವನ ಮುಖ ನೋಡಲಾಗುತ್ತಿಲ್ಲ.

ಬೆಳಿಗ್ಗೆ ಅವರ ಜೊತೆ ವಾದಕ್ಕಿಳಿದವಳು ನಾನೇ. ನಮ್ಮ ಬೀದಿಯ ನರ್ಸಮ್ಮ ನಗರಸಭೆಗೆ ನಿಂತಿದ್ದಾರೆ. ಅತ್ತೆ ಹಾಸಿಗೆ ಹಿಡಿದಾಗ ದಿನಾ ಬಂದು ಬೆನ್ನಿನ ಹುಣ್ಣು ತೊಳೆದು ಪಟ್ಟಿ ಕಟ್ಟಿದವರು. ಅವರ ಎದುರು ನಿಂತಿರುವ ಕಂಟ್ರಾಕ್ಟರು ಕಟ್ಟಿಸಿದ ಮೋರಿ ವರ್ಷ ತುಂಬುವ ಮೊದಲೇ ಕುಸಿದಿತ್ತು.

"ಏನೇ ಆದ್ರೂ ಅವನು ನಮ್ಮ ಧರ್ಮದವನು ಕಣಮ್ಮ. ಆಯಮ್ಮ ನಮ್ಮೋರಲ್ಲ," ಎಂದರು ಭಾವ.

"ನಿಮ್ಮಮ್ಮನ ಹುಣ್ಣು ತೊಳೆಯೋವಾಗ ಅವರು ಯಾವ ದೇವರಿಗೆ ಕೈಮುಗೀತಾರೆ ಅಂತ ಕೇಳಿದ್ರಾ, ಭಾವ?" ಎಂದು ಜೋರಾಗಿಯೇ ಕೇಳಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ಮತ ಹಾಕಲು ಹೊರಟರು.

ಆಮೇಲೆ ನಾನೂ ಮತಗಟ್ಟೆಗೆ ಹೋದೆ. ಯಂತ್ರದ ಮೇಲೆ ನರ್ಸಮ್ಮನ ಪೂರ್ತಿ ಹೆಸರಿತ್ತು. ಇಷ್ಟು ದಿನ ಬಾಯ್ತುಂಬ ನರ್ಸಮ್ಮ ಎಂದು ಕರೆದವಳಿಗೆ ಆ ಹೆಸರು ಯಾರದೋ ಅನ್ನಿಸಿತು. ಅವರ ಧರ್ಮದವರೇ ಮೇಲಾದರೆ ನಮ್ಮ ಗತಿಯೇನು ಎಂಬ ಭಯ ಅದೆಲ್ಲಿ ಅಡಗಿತ್ತೋ, ಎದ್ದು ಬಂತು. ಕಂಟ್ರಾಕ್ಟರನ ಗುಂಡಿ ಒತ್ತಿದೆ. ಯಾರೂ ಒತ್ತಾಯ ಮಾಡಿರಲಿಲ್ಲ.

ಸಂಜೆ ಟೀ ಕೊಡಲು ಹೋದಾಗ ಭಾವ ದನಿ ತಗ್ಗಿಸಿ, "ನೀನಂದಿದ್ದು ಮನಸ್ಸಿಗೆ ನಾಟ್ತು ಕಣಮ್ಮ. ನರ್ಸಮ್ಮಂಗೇ ಹಾಕ್ಬಿಟ್ಟೆ. ನಾವಿಬ್ರೂ ಹಾಕಿದ್ದು ಮನೇಲಿ ಯಾರಿಗೂ ಹೇಳ್ಬೇಡ," ಎಂದು ನಕ್ಕರು.

ನಾನೂ ನಕ್ಕೆ. ಲೋಟ ಅವರ ಕೈಗಿಟ್ಟು ಒಳಗೆ ಬಂದುಬಿಟ್ಟೆ.

ನರ್ಸಮ್ಮ ಗೆಲ್ಲಲಿ ಎಂದು ಈಗ ದೇವರನ್ನು ಬೇಡುತ್ತಿದ್ದೇನೆ. ನನ್ನ ದೇವರನ್ನೇ. ಗುಂಡಿ ಒತ್ತುವಾಗಲೂ ಅವನ ಹೆಸರೇ ನಾಲಿಗೆಯ ಮೇಲಿತ್ತು. ಪಾಪ, ಅವನಾದರೂ ಏನು ಮಾಡಿಯಾನು?